ಬಲಗಡೆಯ ಒಂದು ನೂಲು

ನಾರಾಯಣಖೇಡದ ಹೊರಗೆ, ಜಾಗೀರುದಾರರ ಹಳೆಯ ಕುದುರೆಲಾಯಕ್ಕೆ ತಗಡು ಹೊದಿಸಿ ಮಾಡಿದ ಷೆಡ್ಡಿನಲ್ಲಿ ಐದು ದಿನ ನಾನು ಒಂದು ನೂಲಿನ ಹಿಂದೆ ಬಿದ್ದಿದ್ದೆ. ನೂಲು ಅಂದರೆ ದಾರವಲ್ಲ. ಬಡಗಿಯ ಲೆಕ್ಕದಲ್ಲಿ ಇಂಚನ್ನು ಎಂಟು ಪಾಲು ಮಾಡಿದರೆ ಅದರಲ್ಲಿ ಒಂದು ಪಾಲು. ಎತ್ತಿನ ಬಂಡಿಗೆ ಅದು ಲೆಕ್ಕಕ್ಕೇ ಬರುವುದಿಲ್ಲ. ಆದರೆ ನಾವು ಮಾಡುತ್ತಿದ್ದದ್ದು ವಿಮಾನ.

ಜಾಗೀರುದಾರರ ಎರಡನೆಯ ಮಗನಿಗೆ ಹಾರುವ ಹುಚ್ಚು. ಎಲ್ಲರೂ ಅವರನ್ನು ಛೋಟೇ ಸರ್ಕಾರ್ ಎಂದು ಕರೆಯುತ್ತಿದ್ದರು. ಹೈದರಾಬಾದಿನಲ್ಲಿ ಹಾರುವುದನ್ನು ಕಲಿತು ಬಂದಿದ್ದರು. ಕೊಂಡುಕೊಳ್ಳುವ ವಿಮಾನ ಬೇಡ, ಮನೆಯಲ್ಲೇ ಕಟ್ಟುತ್ತೇನೆ ಎಂದು ವಿಲಾಯತಿಯಿಂದ ನಕ್ಷೆ ತರಿಸಿದ್ದರು. ನಿಜಾಮರ ರಾಜ್ಯದಲ್ಲಿ ಆಗ ಜಹೀರಾಬಾದಿಗೆ ರೈಲು ಬಂದು ಇನ್ನೂ ಕೆಲವೇ ವರ್ಷ. ಹಗುರ ಮರ, ಬಟ್ಟೆ, ಎಂಜಿನ್ನು ಎಲ್ಲ ಆ ರೈಲಿನಲ್ಲೇ ಬಂದವು. ಮರದ ಕೆಲಸಕ್ಕೆ ನನ್ನನ್ನು ಕರೆದರು. ಮೊಗುಡಂಪಲ್ಲಿ ಕಡೆಯ ಬಡಗಿ ನಾನು. ನಮ್ಮದು ಮೂರು ತಲೆಮಾರಿನಿಂದ ಬಾಗಿಲು ಮಾಡುವ ಮನೆ. ಜಾಗೀರಿನ ಕಚೇರಿ, ಉಗ್ರಾಣ, ಪೊಲೀಸು ಚೌಕಿ, ಎಲ್ಲಕ್ಕೂ ಜೋಡಿಕದದ ಬಾಗಿಲು ಕೂರಿಸಿದವರು ನಮ್ಮಪ್ಪ. ಅವರ ಕೈಯ ಕದ ಒಂದೂ ಇವತ್ತಿನವರೆಗೆ ಜೋತಿಲ್ಲ. ಆ ಹೆಸರಿನ ಮೇಲೆ ನನಗೆ ಈ ಕೆಲಸ ಸಿಕ್ಕಿತು.

ಕಬ್ಬಿಣದ ಕೆಲಸಕ್ಕೆ ಬಂದವರು ತಾಂಡೂರಿನ ರೈಲು ಫಿಟ್ಟರ್. ರಜೆ ಹಾಕಿ ಬಂದಿದ್ದರು. ನನಗಿಂತ ಹತ್ತು ವರ್ಷ ದೊಡ್ಡವರು, ಮಾತು ಕಮ್ಮಿ. ಅಂಗಿಯ ಎದೆಜೇಬಿನಲ್ಲಿ ಸದಾ ಒಂದು ಉಕ್ಕಿನ ಅಳತೆಪಟ್ಟಿ. ಏನು ಕೊಟ್ಟರೂ ಮೊದಲು ಅದನ್ನು ಹೊರಗೆ ತೆಗೆದು ಅಳೆಯುವರು. ಚಹಾದ ಬಟ್ಟಲನ್ನೂ ಅಳೆದಾರು ಅನ್ನಿಸಿ ನನಗೆ ಮೈ ಉರಿಯುತ್ತಿತ್ತು.

ನಾನು ಯಾರ ಕೆಲಸವನ್ನೂ ಸುಲಭಕ್ಕೆ ನಂಬುವವನಲ್ಲ. ಕಮ್ಮಾರ ಕೊಟ್ಟ ಮೊಳೆಯನ್ನು ಹಲ್ಲಿನಲ್ಲಿ ಕಚ್ಚಿ ನೋಡುತ್ತೇನೆ. ಹೆಂಡತಿ ಹಾಕಿದ ಅಗುಳಿಯನ್ನು ಎದ್ದು ಹೋಗಿ ಮತ್ತೊಮ್ಮೆ ಎಳೆದು ನೋಡುತ್ತೇನೆ. ನಂಬುತ್ತಿದ್ದದ್ದು ನನ್ನ ಕೈಯನ್ನು ಮಾತ್ರ. ಅದನ್ನು ಅಳೆದು ನೋಡುವ ಅಗತ್ಯ ಯಾವತ್ತೂ ಕಂಡಿರಲಿಲ್ಲ.

ರೆಕ್ಕೆಗಳನ್ನು ನಮ್ಮೂರ ನನ್ನ ಕಾರ್ಖಾನೆಯಲ್ಲೇ ಮಾಡಿ, ಹುಲ್ಲು ಹಾಸಿದ ಬಂಡಿಯಲ್ಲಿ ಮಲಗಿಸಿ ನಾರಾಯಣಖೇಡಕ್ಕೆ ತಂದೆವು. ಪ್ರತಿ ರೆಕ್ಕೆಯ ಹಿಂದಿನ ಅಂಚಿನಲ್ಲಿ ಬಿಜಾಗರಿಯ ಮೇಲೆ ಆಡುವ ಎರಡು ಕದಗಳಿರುತ್ತವೆ. ಹೊರತುದಿಯ ಕದಕ್ಕೆ ಏಲರಾನ್ ಎನ್ನುತ್ತಾರೆ. ಒಂದು ಕಡೆಯದು ಎದ್ದರೆ ಇನ್ನೊಂದು ಕಡೆಯದು ಇಳಿಯುತ್ತದೆ, ವಿಮಾನ ಪಕ್ಕಕ್ಕೆ ವಾಲುತ್ತದೆ. ಒಡಲಿನ ಕಡೆಯ ಕದ ಫ್ಲ್ಯಾಪು. ನೆಲಕ್ಕಿಳಿಯುವಾಗ ಎರಡೂ ಕಡೆಯವು ಒಟ್ಟಿಗೆ ಕೆಳಗಿಳಿದು ವೇಗ ತಗ್ಗಿಸುತ್ತವೆ. ಈ ನಾಲ್ಕೂ ಎಡಬಲ ಸಮವಾಗಿ ಕೂರಬೇಕು. ಛೋಟೇ ಸರ್ಕಾರ್ ಇದನ್ನು ಮೊದಲ ದಿನವೇ ನಮ್ಮಿಬ್ಬರನ್ನೂ ನಿಲ್ಲಿಸಿ ಹೇಳಿದ್ದರು.

"ಇಳಿಯೋ ಹೊತ್ನ್ಯಾಗ ಒಂದು ಕಡಿ ಫ್ಲ್ಯಾಪು ಜಾಸ್ತಿ ಎತ್ತಿತಂದ್ರ ಇನ್ನೊಂದು ಕಡಿ ರೆಕ್ಕಿ ನೆಲಕ್ಕ ಬಡೀತದ. ಆಮ್ಯಾಲ ನನ್ನ ಆರಿಸಾಕ ನೀವು ಬುಟ್ಟಿ ತರಬೇಕಾಗ್ತದ. ತಿಳೀತಿಲ್ಲೋ?"

ಅವರು ನಕ್ಕರು. ನಾವಿಬ್ಬರೂ ನಗಲಿಲ್ಲ. ಅವರು ಹಾರುವ ದಿನವೂ ಗೊತ್ತಾಗಿತ್ತು. ಅದಕ್ಕೆ ಇನ್ನು ಎಂಟೇ ದಿನ ಉಳಿದಿತ್ತು. ಜಾಗೀರುದಾರರು, ಅವರ ಬೀಗರು, ಸುತ್ತಲಿನ ದೇಶಮುಖರು ಎಲ್ಲ ಬರುವವರಿದ್ದರು.

ಕೆಲಸ ಶುರುವಾದದ್ದು ನೆಲದಿಂದ. ಷೆಡ್ಡಿನ ನೆಲಕ್ಕೆ ತಾಂಡೂರಿನಿಂದ ನಯವಾದ ನೀಲಿ ಪರಸಿಕಲ್ಲು ತರಿಸಿ, ನೀರು ತುಂಬಿದ ರಬ್ಬರು ಕೊಳವೆ ಹಿಡಿದು ಮಟ್ಟ ಮಾಡಿ ಹಾಸಿದ್ದೆವು. ವಿಮಾನದ ಬಾಲವನ್ನು ಮರದ ಎತ್ತರದ ಮಣೆಯ ಮೇಲೆ ಎತ್ತಿ, ಎರಡೂ ರೆಕ್ಕೆಯ ತುದಿ ಕಲ್ಲಿನಿಂದ ಸಮ ಎತ್ತರದಲ್ಲಿವೆಯೆಂದು ಅಳೆದೆವು. ಹಾರಿಸುವವನು ಹಿಡಿಯುವ ಕೋಲನ್ನು ನಟ್ಟನಡುವೆ ನಿಲ್ಲಿಸಿ ಎರಡು ಪಟ್ಟಿ ಕಟ್ಟಿ ಬಿಗಿದೆವು. ಆಮೇಲೆ ಅಚ್ಚುಹಲಗೆ. ರೆಕ್ಕೆಯ ಕೆಳಮೈಯ ಬಾಗಿಗೆ ಸರಿಯಾಗಿ ಕೊರೆದ ತೆಳುಹಲಗೆ ಅದು. ಅದನ್ನು ರೆಕ್ಕೆಯ ಕೆಳಗೆ ಒತ್ತಿ ಹಿಡಿದಾಗ ಏಲರಾನಿನ ಹೊಟ್ಟೆಯೂ ಹಲಗೆಗೆ ಅಂಟಿ ಕೂತರೆ ಏಲರಾನ್ ನೆಟ್ಟಗಿದೆ ಅಂತ ಅರ್ಥ. ಮೊದಲು ಏಲರಾನ್, ಅದರ ಅಂಚು ನೋಡಿ ಫ್ಲ್ಯಾಪು, ಕೊನೆಗೆ ರೆಕ್ಕೆಯ ತುದಿ. ಈ ಸರದಿ ತಪ್ಪಿಸಿ ಫ್ಲ್ಯಾಪಿನಿಂದ ಶುರು ಮಾಡಿದರೆ ತಪ್ಪನ್ನೆಲ್ಲ ಏಲರಾನಿನ ತಲೆಗೆ ಕಟ್ಟಿದ ಹಾಗೆ.

ಎಡಗಡೆ ಕೂತಿತು. ಬಲಗಡೆಯೂ ಕೂತಿತು. ಹಿಂದಿನ ಅಂಚಿಗೆ ದಾರ ಹಿಡಿದರೆ ಫ್ಲ್ಯಾಪು, ಏಲರಾನ್ ಎರಡೂ ಒಂದೇ ಗೆರೆ. ನನಗೆ ಖುಷಿಯಾಯಿತು. ಫಿಟ್ಟರ್ ಮಾತ್ರ ಪಟ್ಟಿ ಕಟ್ಟಿದ ಕೋಲನ್ನು ಬಿಚ್ಚಿ, ಓಟ, ಅಂದರೆ ಕದ ಎಷ್ಟು ಆಡುತ್ತದೆಂದು, ನೋಡೋಣ ಎಂದರು. ಕೋಲನ್ನು ಪೂರ್ತಿ ವಾಲಿಸಿದಾಗ ಏಲರಾನಿನ ಹಿಂದಿನ ಅಂಚು ನಾಲ್ಕು ಇಂಚು ಮೇಲೇಳಬೇಕು ಎಂದು ನಕ್ಷೆಯಲ್ಲಿತ್ತು. ಎಡಗಡೆ ನಾಲ್ಕು ಇಂಚು ಕರಾರುವಾಕ್ಕು. ಬಲಗಡೆ ನಾಲ್ಕು ಇಂಚಿನ ಮೇಲೆ ಒಂದು ನೂಲು.

"ಬಡಿಗೇರೇ, ಈ ಎರಡೂ ಕದ ಬಿಚ್ಚಿ ಒಮ್ಮೆ ಅಳ್ದು ನೋಡಮೇನು?" ಎಂದು ಫಿಟ್ಟರ್ ಕೇಳಿದರು.

"ನಾ ಮಾಡಿದ್ದವ ಅವು. ನೀವು ನಿಮ್ಮ ತಂತಿ ನೋಡ್ಕೋರಿ" ಎಂದೆ.

ಅವರು ತಂತಿಯ ಕಡೆ ತಿರುಗಿದರು. ಏಲರಾನಿನ ಬೆನ್ನಿಗಿದ್ದ ಕಬ್ಬಿಣದ ಕೊಂಬಿಗೆ ಕೋಲಿನಿಂದ ಬಂದ ತಂತಿ ಸೇರುತ್ತದೆ. ಆ ತಂತಿಯನ್ನು ಬಿಗಿ, ಸಡಿಲ ಮಾಡಲು ನಡುವೆ ಒಂದು ತಿರುಪು. ಅವರು ಕೊಂಬಿನ ಬೇರೆ ತೂತಿಗೆ ತಂತಿ ಹಾಕಿ ಓಟವನ್ನು ಸರಿ ಮಾಡಿದರು. ಓಟ ಸರಿಯಾಯಿತು, ಆದರೆ ಅಚ್ಚುಹಲಗೆ ಹಿಡಿದರೆ ಏಲರಾನಿನ ಹೊಟ್ಟೆಗೂ ಹಲಗೆಗೂ ನಡುವೆ ಬೆಳಕು ಕಂಡಿತು. ನಾನು ಬಿಜಾಗರಿಯ ಕೆಳಗೆ ತೆಳುವಾದ ಹಲಗೆಚೂರು ಕೊಟ್ಟು ಬೆಳಕು ಮುಚ್ಚಿಸಿದೆ. ಮತ್ತೆ ಓಟ ಕೆಟ್ಟಿತು. ಓಟ ಹಿಡಿದರೆ ನೆಟ್ಟಗಿರುವುದು ಕೆಡುತ್ತದೆ, ನೆಟ್ಟಗೆ ಮಾಡಿದರೆ ಓಟ ಕೆಡುತ್ತದೆ. ಮೂರು ದಿನ ಹೀಗೇ ಹೋಯಿತು.

ನಾಲ್ಕನೆಯ ದಿನ ಬೆಳಗ್ಗೆ ನನಗೆ ಸಂಶಯ ಹೊಕ್ಕಿತು. ಹಿಂದಿನ ಸಂಜೆ ನಾನು ಅಚ್ಚುಹಲಗೆ ಹಿಡಿದು ಕಣ್ಣಾರೆ ನೋಡಿ ಬಿಟ್ಟ ಬಲ ಏಲರಾನ್, ಬೆಳಗ್ಗೆ ನೋಡಿದರೆ ಹಲಗೆಯಿಂದ ಸರಿದಿತ್ತು. ಷೆಡ್ಡಿನ ಬೀಗದ ಕೈ ಇದ್ದದ್ದು ಇಬ್ಬರ ಹತ್ತಿರ ಮಾತ್ರ, ನನ್ನ ಹತ್ತಿರ ಮತ್ತು ಫಿಟ್ಟರ ಹತ್ತಿರ. ನಾನು ಮುಟ್ಟಿಲ್ಲ. ಹಾಗಾದರೆ ಲೆಕ್ಕ ಹಾಕಲು ಪಾಟಿ ಬಳಪ ಬೇಕೆ?

ಅವತ್ತು ತಿರುಪಿನ ಕೊಳವೆಗೂ ತಂತಿಗೂ ಅಡ್ಡವಾಗಿ ಸೀಸಕಡ್ಡಿಯಿಂದ ಕೂದಲೆಳೆಯಷ್ಟು ಗೆರೆ ಹಾಕಿದೆ. ಮಧ್ಯಾಹ್ನ ರೊಟ್ಟಿ ತಿನ್ನಲು ಫಿಟ್ಟರಿಗಿಂತ ಮೊದಲು ಹೋಗಿ, ಬೇಗ ಮುಗಿಸಿ ಬಂದೆ. ಫಿಟ್ಟರ್ ಷೆಡ್ಡಿನ ಬಾಗಿಲಿನಿಂದ ಹೊರಗೆ ಬರುತ್ತಿದ್ದರು. ಕೈಯಲ್ಲಿ ತಿರುಪು ತಿರುವುವ ಪಾನಾ. ನನ್ನನ್ನು ನೋಡಿ ಅದನ್ನು ಜೇಬಿಗೆ ಹಾಕಿಕೊಂಡರು. ಒಳಗೆ ಹೋಗಿ ನೋಡಿದೆ. ಗೆರೆ ಎರಡಾಗಿ ಒಡೆದು ಅರ್ಧ ಸುತ್ತು ಸರಿದಿತ್ತು.

ಛೋಟೇ ಸರ್ಕಾರರಿಗೂ ಅವರ ಅಣ್ಣನಿಗೂ ಆಗಿಬರುವುದಿಲ್ಲ ಎನ್ನುವುದು ಇಡೀ ಜಾಗೀರಿಗೆ ಗೊತ್ತಿತ್ತು. ಕಿರಿಯವ ಗಾಳಿಯಲ್ಲಿ ಹೋದರೆ ಹಿರಿಯವನಿಗೇನು ನಷ್ಟ? ಈ ಫಿಟ್ಟರನ್ನು ಯಾರು ಹುಡುಕಿ ತಂದರು? ರೈಲಿನ ನೌಕರನಿಗೆ ಇಷ್ಟು ದಿನ ರಜೆ ಯಾರು ಕೊಡಿಸಿದರು? ಒಂದು ಸಲ ಹುಡುಕಲು ಕೂತರೆ ಸಂಶಯಕ್ಕೆ ಸಾಕ್ಷಿ ಸಿಗದೆ ಇರುತ್ತದೆಯೇ. ಅವರು ಕಮ್ಮಿ ಮಾತಾಡುವುದೂ ನನಗೆ ಸಾಕ್ಷಿಯಾಯಿತು.

ನೇರ ಹೋಗಿ ಛೋಟೇ ಸರ್ಕಾರರಿಗೆ ಹೇಳಿದೆ. ಅವರ ಮುಖ ಸಣ್ಣದಾಯಿತು.

"ನೀನು ಕಣ್ಣಿಲೆ ನೋಡಿದೇನು, ಅವರು ತಿರುಪು ತಿರುವೋದು?" ಎಂದರು.

ನೋಡಿರಲಿಲ್ಲ. ಪಾನಾ ನೋಡಿದ್ದೆ, ಒಡೆದ ಗೆರೆ ನೋಡಿದ್ದೆ. ಆದರೂ ಬಾಯಿಂದ ಬಂದದ್ದು ಬೇರೆ. "ನೋಡೀನ್ರಿ ಸರ್ಕಾರ್" ಎಂದೆ.

ಜಾಗೀರಿನ ಪೊಲೀಸು ಅಧಿಕಾರಿ ಅಮೀನ ಬಂದ. ಮುನ್ಷಿ ನನ್ನ ಮಾತನ್ನು ಉರ್ದುವಿನಲ್ಲಿ ಬರೆದುಕೊಂಡ, ನಾನು ಅದರ ಕೆಳಗೆ ಕನ್ನಡದಲ್ಲಿ ಸಹಿ ಹಾಕಿದೆ. ಫಿಟ್ಟರನ್ನು ಅವರ ಹತಾರದ ಪೆಟ್ಟಿಗೆಯ ಸಮೇತ ಚೌಕಿಗೆ ಕರೆದುಕೊಂಡು ಹೋದರು. ಹೋಗುವಾಗ ಅವರು ಅಮೀನನ ಕಡೆ ನೋಡಲಿಲ್ಲ, ನನ್ನ ಕಡೆ ನೋಡಿದರು.

"ತಿರುಪು ನಾ ತಿರುವೀನಿ. ಖರೆ ಅದ. ನಿಮ್ಮ ಬಿಜಾಗರಿ ಕೆಳಗ ದಿನಾ ಹಲಗಿಚೂರು ಬದಲಾಗ್ತಿತ್ತಲ್ಲ, ಅದನ್ನ ಯಾರು ಮಾಡ್ತಿದ್ರು ಬಡಿಗೇರೇ? ನಾನೂ ನಿಮ್ಮ ಸ್ಕ್ರೂ ಮ್ಯಾಲ ಅರಗು ಹಚ್ಚಿದ್ದೆ. ದಿನಾ ಒಡೀತಿತ್ತು. ನಾ ಯಾರ ಮುಂದೂ ಹೇಳಲಿಲ್ಲ."

ಅಮೀನ ಅವರ ರಟ್ಟೆ ಹಿಡಿದು ನಡೆಸಿದ. ಕಳ್ಳನಾದವನು ಹೀಗೇ ತಿರುಗಿಸಿ ಮಾತಾಡುತ್ತಾನೆ ಎಂದುಕೊಂಡೆ. ರೈಲಿನವರಿಗೆ ಕಾಗದ ಬರೆಸುತ್ತೇನೆ, ಇವನ ನೌಕರಿ ಹೋಗುವಂತೆ ಮಾಡುತ್ತೇನೆ ಎಂದು ಅಮೀನ ದಾರಿಯುದ್ದಕ್ಕೂ ಜೋರಾಗಿ ಹೇಳುತ್ತಿದ್ದದ್ದು ಕೇಳಿಸಿತು.

ಮರುದಿನ ಷೆಡ್ಡಿನಲ್ಲಿ ನಾನೊಬ್ಬನೇ. ಫಿಟ್ಟರ ಕೈಯಲ್ಲಿದ್ದ ಬೀಗದ ಕೈಯೂ ಈಗ ನನ್ನ ಸೊಂಟದಲ್ಲಿತ್ತು. ಎಲ್ಲವನ್ನೂ ಬುಡದಿಂದ ಮಾಡಿದೆ. ಕಲ್ಲಿನ ಮಟ್ಟ ನೋಡಿದೆ. ಕೋಲು ಕಟ್ಟಿದೆ. ಬಿಜಾಗರಿಯ ಕೆಳಗಿನ ಚೂರುಗಳನ್ನೆಲ್ಲ ಕಿತ್ತು ಬಿಸಾಡಿದೆ, ತಂತಿಯನ್ನು ಕೊಂಬಿನ ಮೊದಲಿನ ತೂತಿಗೇ ಹಾಕಿದೆ. ಅಚ್ಚುಹಲಗೆ ಎರಡೂ ಕಡೆ ಬೆಳಕು ಬಿಡದೆ ಕೂತಿತು. ಒಳಗೊಳಗೇ ಹಿಗ್ಗಿದೆ. ಕೋಲು ಬಿಚ್ಚಿ ವಾಲಿಸಿ, ಓಟ ಅಳೆದೆ.

ಎಡಗಡೆ ನಾಲ್ಕು ಇಂಚು. ಬಲಗಡೆ ನಾಲ್ಕು ಇಂಚು, ಒಂದು ನೂಲು.

ಅಳತೆಪಟ್ಟಿ ಒರೆಸಿ ಮತ್ತೆ ಇಟ್ಟೆ. ಅಷ್ಟೇ. ಹಾಗಾದರೆ ಕಲ್ಲು ಕುಸಿದಿರಬೇಕು. ನೀರಿನ ಕೊಳವೆ ಹಿಡಿದೆ, ಕಲ್ಲು ಮಿಸುಕಿರಲಿಲ್ಲ. ರಾತ್ರಿ ಷೆಡ್ಡು ಕಾಯುವ ಕಾವಲುಗಾರನ ಮೇಲೆ ಸಂಶಯ ಬಂತು. ಬಂಡಿಯ ಕುಲುಕಾಟಕ್ಕೆ ರೆಕ್ಕೆ ತಿರುಚಿರಬಹುದು ಎಂದು ಬಂಡಿಯವನ ಮೇಲೂ ಬಂತು. ಬಿಜಾಗರಿ ಸವೆದಿರಬಹುದು ಎಂದು ಕೊನೆಗೆ ಎರಡೂ ಏಲರಾನುಗಳನ್ನು ಬಿಚ್ಚಿದೆ. ಬಿಚ್ಚಿದ್ದನ್ನು ಇಡಲು ಬೇರೆ ಜಾಗ ಇರಲಿಲ್ಲ. ತಾಂಡೂರು ಕಲ್ಲಿನ ಮೇಲೆ ಎಡಗಡೆಯದನ್ನು ಮಲಗಿಸಿ, ಅದರ ಮೇಲೆ ಬಲಗಡೆಯದನ್ನು ಬೋರಲು ಹಾಕಿದೆ, ಬಿಜಾಗರಿಯ ಅಂಚಿಗೆ ಅಂಚು ಕೂಡಿಸಿ.

ಬಲಗಡೆಯದು ಹಿಂದಿನ ಅಂಚಿನಲ್ಲಿ ಹೊರಗೆ ಚಾಚಿತ್ತು, ಈ ತುದಿಯಿಂದ ಆ ತುದಿಯವರೆಗೆ ಒಂದೇ ಸಮ. ಅಳೆಯಲೇಬೇಕಾಗಿರಲಿಲ್ಲ, ಅರ್ಧ ಬೆರಳು ಎಂದು ನನ್ನ ಕಣ್ಣಿಗೇ ತಿಳಿಯಿತು. ಫ್ಲ್ಯಾಪುಗಳನ್ನೂ ಬಿಚ್ಚಿ ಹಾಗೇ ಇಟ್ಟೆ. ಅದೂ ಅರ್ಧ ಬೆರಳು.

ನಾನು ಕಲ್ಲಿನ ಮೇಲೆ ಕೂತುಬಿಟ್ಟೆ.

ನಮ್ಮ ಮನೆಯಲ್ಲಿ ಜೋಡಿಬಾಗಿಲು ಮಾಡುವ ರೀತಿ ಒಂದಿದೆ. ಎಡಗಡೆಯದು ಹೆಣ್ಣುಕದ, ಬಲಗಡೆಯದು ಗಂಡುಕದ. ಹೆಣ್ಣುಕದವನ್ನು ಮೊದಲು ಅಳತೆಗೆ ಸರಿಯಾಗಿ ತೆಗೆಯಬೇಕು. ಅದನ್ನೇ ಅಡಿಹಲಗೆಯ ಮೇಲೆ ಮಲಗಿಸಿ ಸುತ್ತ ಗೆರೆ ಎಳೆದು, ಅಗಲದ ಕಡೆ ಆ ಗೆರೆಗೆ ಅರ್ಧ ಬೆರಳು ಹೊರಗೆ ಗಂಡುಕದದ ಗೆರೆ ಎಳೆಯಬೇಕು. ಗಂಡುಕದ ಅರ್ಧ ಬೆರಳು ಅಗಲ ಇದ್ದರೆ ಮನೆಗೆ ಏಳಿಗೆ, ಎರಡೂ ಸಮ ಇದ್ದರೆ ಮನೆಯಲ್ಲಿ ಜಗಳ. ಅಜ್ಜ ಹಾಗೆ ಮಾಡಿದ, ಅಪ್ಪ ಹಾಗೆ ಮಾಡಿದ, ಕೈಯಲ್ಲಿ ಉಳಿ ಹಿಡಿದ ದಿನದಿಂದ ನಾನೂ ಹಾಗೆ ಮಾಡಿದೆ. ಅದನ್ನು ಯಾರೂ ಯೋಚಿಸಿ ಮಾಡುವುದಿಲ್ಲ. ರೊಟ್ಟಿ ತಟ್ಟುವವಳು ಹಿಟ್ಟು ತೂಗುತ್ತಾಳೆಯೇ. ನಮ್ಮೂರ ಕಾರ್ಖಾನೆಯಲ್ಲಿ ವಿಮಾನದ ಕದಗಳನ್ನು ಮಾಡುವಾಗ ಎಡಗಡೆಯವನ್ನು ನಕ್ಷೆ ನೋಡಿ ಮಾಡಿದ್ದೆ. ಬಲಗಡೆಯವಕ್ಕೆ ನಕ್ಷೆ ಮತ್ತೆ ಯಾಕೆ, ಎಡಗಡೆಯವನ್ನೇ ಇಟ್ಟು ಗೆರೆ ಎಳೆದರಾಯಿತು ಎಂದು ನಕ್ಷೆ ಮಡಚಿ ಇಟ್ಟದ್ದು ನೆನಪಾಯಿತು. ಕೈ ಉಳಿದದ್ದನ್ನು ತಾನೇ ಮಾಡಿ ಮುಗಿಸಿತ್ತು. ಒಂದಡಿ ಅಗಲದ ಕದದಲ್ಲಿ ಅರ್ಧ ಬೆರಳು ಹೆಚ್ಚಾದರೆ ನಾಲ್ಕು ಇಂಚಿನ ಓಟದಲ್ಲಿ ಒಂದು ನೂಲು ಹೆಚ್ಚಾಗಲೇಬೇಕು. ನಾವು ಹುಡುಕುತ್ತಿದ್ದ ನೂಲು ಅದೇ.

ನಾಚಿಕೆಗಿಂತ ಮೊದಲು ಬಂದದ್ದು ಭಯ. ಆ ಅಗಲದ ಫ್ಲ್ಯಾಪು ಇಳಿಬಿಟ್ಟುಕೊಂಡು ಛೋಟೇ ಸರ್ಕಾರ್ ನೆಲಕ್ಕೆ ಬಂದಿದ್ದರೆ? ಆಮೇಲೆ ಬಂದದ್ದು ಇನ್ನೂ ಕೆಟ್ಟ ಯೋಚನೆ. ಹಿಂದಿನ ಅಂಚಿನ ಬಟ್ಟೆ ಬಿಡಿಸಿ, ಮರ ಹೆರೆಯುವ ಹತ್ತರಿ ಹಿಡಿದು ಅರ್ಧ ಬೆರಳು ತೆಗೆದರೆ ಸಂಜೆಯೊಳಗೆ ಎಲ್ಲ ಸಮ. ಬಟ್ಟೆ ಅಂಟಿಸಿ ಬಣ್ಣ ಬಳಿದರೆ ಯಾರಿಗೂ ಗೊತ್ತಾಗುವುದಿಲ್ಲ. ಫಿಟ್ಟರ್ ಹೋದ ಮೇಲೆ ನೂಲು ಸರಿಯಾಯಿತು ಎಂದು ಜನ ತಾವೇ ಆಡಿಕೊಳ್ಳುತ್ತಾರೆ. ನಮ್ಮಪ್ಪನ ಹೆಸರು ಉಳಿಯುತ್ತದೆ. ಹತ್ತರಿಯನ್ನು ಪೆಟ್ಟಿಗೆಯಿಂದ ತೆಗೆದದ್ದೂ ಹೌದು. ಅದನ್ನು ಕೈಯಲ್ಲಿ ಹಿಡಿದು ಎಷ್ಟು ಹೊತ್ತು ಕೂತಿದ್ದೆನೋ. ಅರಗು ಒಡೆಯುವುದನ್ನು ದಿನಾ ನೋಡಿಯೂ ಯಾರ ಮುಂದೂ ಹೇಳದ ಮನುಷ್ಯ ಚೌಕಿಯಲ್ಲಿ ಕೂತಿದ್ದ. ನೋಡದೆಯೇ ನೋಡಿದೆ ಎಂದವನು ನಾನು. ಹತ್ತರಿ ಒಳಗಿಟ್ಟು, ಷೆಡ್ಡಿಗೆ ಬೀಗ ಹಾಕಿ, ಚೌಕಿಗೆ ನಡೆದೆ.

ಅಮೀನ ಜಗುಲಿಯ ಮೇಲೆ ಕುರ್ಚಿ ಹಾಕಿಕೊಂಡು ಕೂತಿದ್ದ. ಫಿಟ್ಟರ್ ಒಳಗೆ ಗೋಡೆಗೆ ಒರಗಿ ನೆಲದ ಮೇಲಿದ್ದರು. ಅವರ ಹತಾರಗಳನ್ನೆಲ್ಲ ಮೇಜಿನ ಮೇಲೆ ಹರಡಿದ್ದರು, ಉಕ್ಕಿನ ಅಳತೆಪಟ್ಟಿಯೂ ಅಲ್ಲೇ. ನಾನು ಇದ್ದದ್ದು ಇದ್ದ ಹಾಗೆ ಹೇಳಿದೆ. ತಪ್ಪು ನನ್ನದು, ಬಲಗಡೆಯ ಕದ ಅಗಲ ಮಾಡಿದವನು ನಾನು, ಇವರನ್ನು ಬಿಡಿ.

ಅಮೀನ ನನ್ನನ್ನು ಮೇಲಿಂದ ಕೆಳಗೆ ನೋಡಿದ. "ನಿನ್ನೆ ಇವ ಮಾಡ್ಯಾನ ಅಂದಿ. ಇವತ್ತ ನಾ ಮಾಡೀನಿ ಅಂತಿ. ಯಾರ ಹೆದರಿಸ್ಯಾರೋ ನಿನಗ?"

"ಯಾರೂ ಇಲ್ರಿ."

"ತಲಿ ನೆಟ್ಟಗಿದ್ದಾವ ಯಾವನರ ಒಂದು ರೆಕ್ಕಿ ಕದ ದೊಡ್ಡದು, ಒಂದು ಸಣ್ಣದು ಬೇಕಂತ ಮಾಡ್ತಾನೇನು? ಇವನೂ ನೀನೂ ಕೂಡೇ ಮಾಡೀರಿ. ಈಗ ತಿಳೀತು ನನಗ."

ಗಂಡುಕದ ಹೆಣ್ಣುಕದದ ಮಾತು ಹೇಳಿದೆ. ಪೊಲೀಸಿನವರು ನಕ್ಕರು. ಅಮೀನ ನಗಲಿಲ್ಲ, ಇನ್ನೂ ಹೆಚ್ಚು ಸಂಶಯದಿಂದ ನೋಡಿದ. ಎಷ್ಟು ನಿಜ ಹೇಳಿದರೂ ಕೇಳುವವನ ಕಣ್ಣಲ್ಲಿ ಅದು ಸುಳ್ಳಾಗಿ ಕಾಣುವುದು ಏನೆಂದು ನನಗೆ ಆಗ ಅರ್ಥವಾಯಿತು. ಒಳಗೆ ಕೂತವರಿಗೆ ನಿನ್ನೆಯಿಂದ ಆಗುತ್ತಿದ್ದದ್ದೂ ಅದೇ.

ಏನು ಮಾಡಲೂ ತೋಚದೆ ನಿಂತಿದ್ದೆ. ನಿಂತ ಜಾಗದಿಂದ ನನ್ನ ಕಣ್ಣು ಚೌಕಿಯ ಬಾಗಿಲಿನ ಮೇಲೆ ಬಿತ್ತು. ಮತ್ತಿಮರದ ಜೋಡಿಕದ, ಪಟ್ಟಿಯ ಮೇಲೆ ಹಿತ್ತಾಳೆಯ ಗುಬ್ಬಿಮೊಳೆ. ನಮ್ಮಪ್ಪ ಅದನ್ನು ಕೂರಿಸುವಾಗ ನಾನು ಗುಬ್ಬಿ ಹಿಡಿದು ನಿಂತಿದ್ದೆ.

"ಅಮೀನ್ ಸಾಬ್, ಈ ಬಾಗಿಲಾ ನಮ್ಮಪ್ಪ ಮಾಡಿದ್ದು. ಆ ಅಳತಿಪಟ್ಟಿ ತಗೊಂಡು ಎರಡೂ ಕದ ಅಳೀರಿ. ಬಲಗಡೀದು ಅರ್ಧ ಬೆರಳ ಹೆಚ್ಚಿಲ್ಲಂದ್ರ ನನ್ನ ಒಳಗ ಕೂಡಸ್ರಿ."

ಅಮೀನ ತಾನು ಏಳಲಿಲ್ಲ. ಒಬ್ಬ ಪೊಲೀಸಿನವನಿಗೆ ಸನ್ನೆ ಮಾಡಿದ. ಅವನು ಫಿಟ್ಟರ ಪಟ್ಟಿ ತೆಗೆದುಕೊಂಡು ಎಡಗಡೆಯ ಕದ ಅಳೆದ, ಬಲಗಡೆಯದು ಅಳೆದ. ಮತ್ತೆ ಎಡಗಡೆಯದು ಅಳೆದ. ಆಮೇಲೆ ಅಮೀನನ ಮುಖ ನೋಡಿದ. ಅಮೀನ ಎದ್ದು ಬಂದು ಪಟ್ಟಿ ಕಿತ್ತುಕೊಂಡು ತಾನೇ ಅಳೆದ. ದಿನಾ ಹತ್ತು ಸಲ ಆ ಬಾಗಿಲು ದಾಟುವವನು ಅದನ್ನು ಮೊದಲ ಸಲ ನೋಡುವವನ ಹಾಗೆ ನಿಂತ.

"ಇದು ಮೊದ್ಲಿಂದ ಹೀಂಗೇ ಅದೇನು?"

"ಕಚೇರಿ ಬಾಗಿಲಾ ಅಳೀರಿ, ಉಗ್ರಾಣದ್ದು ಅಳೀರಿ. ನಿಮ್ಮ ಮನಿದೂ ನಮ್ಮಪ್ಪಂದೇ ಕೆಲಸ."

ಅವನು ನಿಜವಾಗಿಯೂ ಕಚೇರಿಗೆ ಹೋದ. ಅಲ್ಲಿಂದ ತನ್ನ ಮನೆಗೂ ಹೋಗಿ ಬಂದ. ಬಂದಾಗ ಅವನ ಮಾತಿನ ಬಿಗಿ ಇಳಿದಿತ್ತು. ನಿನ್ನೆಯ ಕಾಗದ ತೆಗೆಸಿ, ಅದರ ಕೆಳಗೆ ಏನು ಬರೆಸುತ್ತೀ ಎಂದು ಕೇಳಿದ. ನಾನು ಹೇಳಿದ್ದನ್ನು ಮುನ್ಷಿ ಬರೆದ. ನಾನು ನೋಡಿದೆ ಅಂದದ್ದು ನಾನು ನೋಡಿದ್ದಲ್ಲ, ಅಂದುಕೊಂಡದ್ದು. ಅದರ ಕೆಳಗೆ ಮತ್ತೆ ಸಹಿ ಹಾಕಿದೆ. ರೈಲಿನವರಿಗೆ ಕಾಗದ ಹೋಗಲಿಲ್ಲ.

ಫಿಟ್ಟರ್ ತಮ್ಮ ಹತಾರಗಳನ್ನು ಒಂದೊಂದಾಗಿ ಎಣಿಸಿ ಪೆಟ್ಟಿಗೆಗೆ ಹಾಕಿಕೊಂಡರು. ದಾರಿಯಲ್ಲಿ ನಾನು ತಪ್ಪಾಯಿತು ಎಂದೆ. ಅವರು ಪೆಟ್ಟಿಗೆಯನ್ನು ಇನ್ನೊಂದು ಕೈಗೆ ಬದಲಿಸಿಕೊಂಡರು.

"ಮೊದಲನೇ ದಿನಾನೇ ಕೇಳಿದ್ದೆ ನಾ, ಬಿಚ್ಚಿ ಅಳೆಯಮೇನು ಅಂತ."

"ಹೌದ್ರಿ."

"ನಾನೂ ಸುಮ್ಮನ ತಿರುಪು ತಿರುವಬಾರದಿತ್ತು. ನಿಮಗ ಹೇಳಿ ತಿರುವಬೇಕಿತ್ತು. ನಿಮ್ಮ ಸಿಟ್ಟಿಗಿ ಅಂಜಿದೆ." ಆಮೇಲೆ ನಿಂತು, "ಆದ್ರ ನಾ ನಿಮ್ಮ ಮ್ಯಾಲ ಕಾಗದ ಬರೆಸಲಿಲ್ಲ ಬಡಿಗೇರೇ" ಎಂದರು.

ಛೋಟೇ ಸರ್ಕಾರರು ಎಲ್ಲವನ್ನೂ ಕೇಳಿ ಮೊದಲು ಸಿಟ್ಟಾದರು. ಬರುವ ಬೀಗರಿಗೆಲ್ಲ ಇನ್ನು ಬೇಡವೆಂದು ಹೇಳಿ ಕಳಿಸಬೇಕಾಗಿತ್ತು. ಆಮೇಲೆ ವಿಮಾನದ ಸುತ್ತ ಒಂದು ಸುತ್ತು ಹಾಕಿ ಬಂದು, "ಬಾಲದಾಗೂ ಗಂಡಾ ಹೆಂಡ್ತಿ ಮಾಡಿಟ್ಟೀಯೇನು?" ಎಂದು ಕೇಳಿದರು. ನನಗೆ ನಗಲಾಗಲಿಲ್ಲ. ಬಾಲದ ಕದಗಳನ್ನೂ ಬಿಚ್ಚಿಸಿ ಕಲ್ಲಿನ ಮೇಲಿಟ್ಟು ಅಳೆದೆವು. ಅವೆರಡನ್ನೂ ನಕ್ಷೆ ನೋಡಿಯೇ ಮಾಡಿದ್ದೆ, ಸಮ ಇದ್ದವು.

ಬಲಗಡೆಯ ಕದಗಳ ಅಂಚು ಕೊಯ್ದರಾಯಿತು ಎಂದು ಅವರು ಹೇಳಿದರು. ನಾನು ಒಪ್ಪಲಿಲ್ಲ. ಅಂಚು ಕೊಯ್ದರೆ ಒಳಗಿನ ಪಕ್ಕೆಗಳ ಬಾಲ ಮೊಂಡಾಗುತ್ತದೆ, ಬಾಗು ಬದಲಾಗುತ್ತದೆ. ಎರಡನ್ನೂ ಹೊಸದಾಗಿ ಮಾಡಿದೆ, ನಕ್ಷೆ ಎದುರಿಗಿಟ್ಟುಕೊಂಡು. ಎಡಗಡೆಯದನ್ನು ಹತ್ತಿರ ಕೂಡ ತರಲಿಲ್ಲ. ಗೆರೆ ಎಳೆಯುವಾಗಲೆಲ್ಲ ಕೈ ತಾನಾಗಿ ಅರ್ಧ ಬೆರಳು ಹೊರಗೆ ಜಾರಲು ನೋಡುತ್ತಿತ್ತು. ಒಂದು ಸಲ ಜಾರಿಯೂ ಬಿಟ್ಟಿತು, ಗೆರೆ ಒರೆಸಿದೆ. ಪ್ರತಿ ಪಕ್ಕೆಯನ್ನೂ ಫಿಟ್ಟರ್ ಅಳೆದು ಇಟ್ಟರು. ಅವರು ತಿರುವಿದ ಪ್ರತಿ ತಿರುಪನ್ನೂ ನಾನು ನೋಡಿ ತಲೆಯಾಡಿಸಿದೆ. ಇಬ್ಬರಿಗೂ ಇನ್ನೊಬ್ಬರ ಮೇಲೆ ಪೂರ್ತಿ ನಂಬಿಕೆ ಬಂದಿತ್ತು ಎಂದು ಹೇಳಲಾರೆ. ಆದರೆ ಈಗ ಎದುರೆದುರೇ ಸಂಶಯ ಪಡುತ್ತಿದ್ದೆವು. ಕೆಲಸ ಸಲೀಸಾಗಿ ಹೋಯಿತು.

ಎಲ್ಲ ಕೂರಿಸಿ ಅಚ್ಚುಹಲಗೆ ಹಿಡಿದೆವು. ಬೆಳಕಿಲ್ಲ. ಓಟ ಅಳೆದೆವು. ಎಡಕ್ಕೆ ನಾಲ್ಕು, ಬಲಕ್ಕೆ ನಾಲ್ಕು. ಫ್ಲ್ಯಾಪು ಇಳಿಸಿ ಎರಡೂ ಕಡೆ ಕಲ್ಲಿನಿಂದ ಎತ್ತರ ನೋಡಿದೆವು. ಸಮ. ತಿರುಪು ಮತ್ತೆ ತಿರುಗದಂತೆ ತಂತಿಯ ಬೀಗ ಹೆಣೆಯುವಾಗ ಒಂದು ತುದಿ ಅವರು ಹಿಡಿದರು, ಇನ್ನೊಂದು ನಾನು.

ಹಾರುವ ದಿನ ಬೀಗರೂ ಇರಲಿಲ್ಲ, ದೇಶಮುಖರೂ ಇರಲಿಲ್ಲ. ಬೆಳಗಿನ ತಣ್ಣನೆಯ ಹೊತ್ತು, ಜೋಳ ಕೊಯ್ದ ಬಯಲು. ವಿಮಾನ ಓಡಿತು, ಕುಪ್ಪಳಿಸಿತು, ಎದ್ದಿತು. ನಾನು ಅದರ ಬಲರೆಕ್ಕೆಯೊಂದನ್ನೇ ನೋಡುತ್ತಿದ್ದೆ. ಒಂದು ಸುತ್ತು ಹಾಕಿ ನಮ್ಮ ತಲೆಯ ಮೇಲೆ ಬಂದಾಗ ಛೋಟೇ ಸರ್ಕಾರ್ ಕೋಲು ಬಿಟ್ಟು ಎರಡೂ ಕೈ ಮೇಲೆತ್ತಿದರು. ವಿಮಾನ ಅತ್ತಲೂ ವಾಲಲಿಲ್ಲ, ಇತ್ತಲೂ ವಾಲಲಿಲ್ಲ. ಇಳಿಯುವಾಗ ಫ್ಲ್ಯಾಪು ಕೆಳಗೆ ಬಂದದ್ದು ಕಂಡಿತು. ಎರಡು ಚಕ್ರವೂ ಒಟ್ಟಿಗೆ ನೆಲ ಮುಟ್ಟಿದವು. ಫಿಟ್ಟರ್ ನನ್ನ ಪಕ್ಕದಲ್ಲೇ ಇದ್ದರು. ಅವರು ಅವತ್ತೇ ಜಹೀರಾಬಾದಿಗೆ ಹೋಗಿ ತಾಂಡೂರಿನ ರೈಲು ಹಿಡಿದರು.

ಕೆಲವು ವರ್ಷ ಕಳೆದ ಮೇಲೆ ಅವರಿಂದ ಒಂದು ಕಾಗದ ಬಂತು. ತಾಂಡೂರಿನಲ್ಲಿ ಮನೆ ಕಟ್ಟಿಸಿದ್ದಾರೆ, ಬಾಗಿಲು ನೀವೇ ಮಾಡಬೇಕು ಎಂದು. ನಾನು ಹೋಗಿ ಚೌಕಟ್ಟು ನೋಡಿ, ಹಿಂಜರಿಯುತ್ತ ಕೇಳಿದೆ. "ಎರಡೂ ಕದ ಸಮ ಮಾಡ್ಲೇನ್ರಿ?"

"ಯಾಕ? ನಿಮ್ಮ ಮನಿ ರೀತಿ ಹ್ಯಾಂಗದ ಹಂಗೇ ಮಾಡ್ರಿ. ನನ್ನ ಮನಿ ಹಾರಂಗಿಲ್ಲ."

ನಮ್ಮೂರಿಗೆ ಬಂದು ಒಂದು ತಿಂಗಳು ಕೂತು ಮಾಡಿದೆ. ತಾಂಡೂರಿಗೆ ತಂದು ಕೂರಿಸಿದ ದಿನ ಅವರು ಅಂಗಿಯ ಎದೆಜೇಬಿಗೆ ಕೈ ಹಾಕಿ ಅದೇ ಉಕ್ಕಿನ ಪಟ್ಟಿ ಹೊರಗೆ ತೆಗೆದರು. ಅಳೆಯಲಿ, ಅವರ ಹಕ್ಕು ಅದು ಎಂದು ಪಕ್ಕಕ್ಕೆ ಸರಿದು ನಿಂತೆ. ಅವರು ಪಟ್ಟಿ ನನ್ನ ಕೈಗೆ ಕೊಟ್ಟು, ನೀರು ತರಲು ಒಳಗೆ ಹೋದರು.

ನಾನು ಮಾಡಿದ ಬಾಗಿಲಿನ ಕದ ನಾನೇ ಅಳೆದದ್ದು ನನ್ನ ಬದುಕಿನಲ್ಲಿ ಅದೇ ಮೊದಲು. ಎಡಗಡೆಯದು ಅಳೆದೆ, ಬಲಗಡೆಯದು ಅಳೆದೆ. ಅರ್ಧ ಬೆರಳು, ಕರಾರುವಾಕ್ಕು. ಅವರು ನೀರು ತಂದಾಗ ನಾನು ಎರಡನೆಯ ಸಲ ಅಳೆಯುತ್ತಿದ್ದೆ.